ಮನೆಗೆ ಚೆಂದದ ನೆಲ: ಕೆಂಪು ಗಾರೆ, ಆತಂಗುಡಿ, ಕಲ್ಲು, ವಿಟ್ರಿಫೈಡ್ – ಯಾವುದು ಯಾರಿಗೆ?

ಗೃಹಪ್ರವೇಶಕ್ಕೆ ಇನ್ನು ಮೂರು ತಿಂಗಳಿದೆ ಅನ್ನುವಾಗ ನೆಲದ ಮಾತು ಶುರುವಾಗುತ್ತದೆ. ಅಮ್ಮನಿಗೆ ತವರುಮನೆಯ ಕೆಂಪು ನೆಲ ಬೇಕು. ಮಗಳು ಫೋನಿನಲ್ಲಿ ಆತಂಗುಡಿ ಟೈಲ್ ತೋರಿಸುತ್ತಾಳೆ. ಮೇಸ್ತ್ರಿ ‘ಸುಮ್ನೆ ವಿಟ್ರಿಫೈಡ್ ಹಾಕ್ಸಿ, ತಲೆನೋವಿರಲ್ಲ’ ಅನ್ನುತ್ತಾರೆ. ಮೂವರ ಮಾತಿನಲ್ಲೂ ಹುರುಳಿದೆ. ಈಚೆಗೆ ಇದೇ ಗೊಂದಲದಲ್ಲಿದ್ದ ನಾಲ್ಕು ಮನೆಯವರು ನನ್ನನ್ನು ಕೇಳಿದರು. ನಾಲ್ವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಯಾವ ಲೆಕ್ಕದಲ್ಲಿ ಕೊಟ್ಟೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅದು ಗೊತ್ತಾದರೆ ನಿಮ್ಮ ಉತ್ತರ ನಿಮಗೇ ಸಿಗುತ್ತದೆ.

ಅಂಗಡಿಗೆ ಹೋಗುವ ಮೊದಲು

ಡಿಸೈನ್ ನೋಡುವ ಮುಂಚೆ ಒಂದೊಂದು ಕೋಣೆಯಲ್ಲೂ ನಿಂತು ಕೇಳಿಕೊಳ್ಳಿ: ಈ ನೆಲದ ಮೇಲೆ ದಿನಾ ಏನು ಬೀಳುತ್ತದೆ? ಅಡುಗೆಮನೆಯಲ್ಲಿ ಹುಣಸೆ ರಸ, ನಿಂಬೆಹಣ್ಣು, ಅರಿಶಿನ, ಒಗ್ಗರಣೆಯ ಎಣ್ಣೆ. ದೇವರಮನೆಯಲ್ಲಿ ದೀಪದ ಎಣ್ಣೆ, ಕುಂಕುಮ. ಬಚ್ಚಲಲ್ಲಿ ಸೋಪು ಮತ್ತು ತೊಳೆಯುವ ಆಸಿಡ್. ಹುಳಿಯಾದದ್ದು ಯಾವುದೇ ಇರಲಿ, ಸಿಮೆಂಟನ್ನೂ ಸುಣ್ಣದ ಕಲ್ಲನ್ನೂ ಮಾರ್ಬಲ್ಲನ್ನೂ ತಿನ್ನುತ್ತದೆ. ಎಣ್ಣೆ ಮತ್ತು ಅರಿಶಿನ ಸಣ್ಣ ಸಣ್ಣ ರಂಧ್ರಗಳಿರುವ ನೆಲದೊಳಗೆ ಇಳಿದುಬಿಡುತ್ತವೆ. ಇಷ್ಟು ನೆನಪಿಟ್ಟರೆ ಅರ್ಧ ಆಯ್ಕೆ ಮುಗಿದ ಹಾಗೆ.

ಎರಡನೆಯದು ಒದ್ದೆ ಕಾಲು. ಮನೆಯೊಳಗೆ ನಾವು ಬರಿಗಾಲಲ್ಲಿ ಓಡಾಡುವವರು. ಬಾಗಿಲಲ್ಲಿ ಕಾಲು ತೊಳೆದು ನೇರ ಒಳಗೆ ಬರುತ್ತೇವೆ. ಕನ್ನಡಿಯಂತೆ ಹೊಳೆಯುವ ಟೈಲ್ ಅಂಗಡಿಯ ದೀಪದಲ್ಲಿ ಎಷ್ಟು ಚೆಂದ ಕಂಡರೂ ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ ಅದನ್ನು ದೂರ ಇಡಿ. ನನ್ನ ತಾಯಿ ನಮ್ಮ ಹೊಸ ಹಾಲ್‌ನಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ ನಾನು ಈ ವಿಷಯವನ್ನು ಯಾರಿಗೂ ಮೆತ್ತಗೆ ಹೇಳುವುದಿಲ್ಲ.

ಆಮೇಲೆ ಹಾಕುವ ಕೈ. ಕೆಲವು ನೆಲ ಕಾರ್ಖಾನೆಯಲ್ಲೇ ತಯಾರಾಗಿ ಬರುತ್ತವೆ. ಇನ್ನು ಕೆಲವು ನಿಮ್ಮ ಮನೆಯಲ್ಲೇ, ಗಾರೆ ಕೆಲಸದವರ ಕರಣೆಯಲ್ಲಿ ಹುಟ್ಟುತ್ತವೆ. ಅಂಥ ನೆಲ ಆರಿಸಿದರೆ ನೀವು ಆರಿಸಬೇಕಾದ್ದು ಮೊದಲು ಆ ಮನುಷ್ಯನನ್ನು.

ರಿಪೇರಿಯನ್ನೂ ಯೋಚಿಸಿ. ಹತ್ತು ವರ್ಷ ಕಳೆದ ಮೇಲೆ ಪೈಪ್ ಒಡೆದು ಪ್ಲಂಬರ್ ಎರಡಡಿ ಅಗೆದರೆ ಆ ತೇಪೆ ಕಾಣುತ್ತದೆಯೋ ಇಲ್ಲವೋ?

ಇನ್ನು ದುಡ್ಡು. ದರ ಊರಿಂದ ಊರಿಗೆ ಬದಲಾಗುತ್ತದೆ, ಹಾಗಾಗಿ ರೂಪಾಯಿ ಹೇಳುವ ಬದಲು ಲೆಕ್ಕದ ಕ್ರಮ ಹೇಳುತ್ತೇನೆ. ಅಂಗಡಿಯವರು ‘ಚದರ ಅಡಿಗೆ ಇಷ್ಟು’ ಅನ್ನುವುದು ಬರೀ ಮಾಲಿನ ಬೆಲೆ. ಅದಕ್ಕೆ ಲಾರಿ ಬಾಡಿಗೆ, ಒಡೆಯುವ ಪಾಲು, ಕೆಳಗಿನ ಗಾರೆ ಅಥವಾ ಅಂಟು, ಕೂಲಿ, ಪಾಲಿಶ್, ಗೋಡೆಯ ಬುಡದ ಸ್ಕರ್ಟಿಂಗ್ ಎಲ್ಲ ಸೇರಿಸಿ. 12 ಅಡಿ ಅಗಲ, 15 ಅಡಿ ಉದ್ದದ ಹಾಲ್ ಅಂದರೆ 180 ಚದರ ಅಡಿ. ಒಡೆಯುವುದಕ್ಕೂ ಕತ್ತರಿಸುವುದಕ್ಕೂ ನೂರಕ್ಕೆ ಹತ್ತು ಸೇರಿಸಿದರೆ 198. ಈ 198ರ ಮೇಲೆ ಎಲ್ಲ ಖರ್ಚನ್ನೂ ಕೂಡಿಸಿ ನೋಡಿ. ಅಗ್ಗ ಅಂದುಕೊಂಡದ್ದು ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ.

ಕೆಂಪು ನೆಲ

ರೆಡ್ ಆಕ್ಸೈಡ್ ನೆಲದ ಮೇಲೆ ಬೆಳೆದವರಿಗೆ ಅದರ ತಂಪು ಅಂಗಾಲಿಗೇ ಗೊತ್ತು. ಬೇಸಿಗೆ ಮಧ್ಯಾಹ್ನ ಚಾಪೆಯನ್ನೂ ಹಾಸದೆ ಮಲಗಿದ ನೆನಪು ನಿಮಗೂ ಇರಬಹುದು. ಮಾಲು ತುಂಬಾ ಸರಳ. ಸಿಮೆಂಟು ಮತ್ತು ಕಬ್ಬಿಣದ ಆಕ್ಸೈಡ್ ಪುಡಿ. ಗಟ್ಟಿಯಾದ ಕಾಂಕ್ರೀಟ್ ತಳದ ಮೇಲೆ ಬಣ್ಣದ ಸಿಮೆಂಟನ್ನು ತೆಳ್ಳಗೆ ಎಳೆದು, ಅದು ಬಿಗಿಯುತ್ತಾ ಬಂದ ಹಾಗೆ ಕರಣೆಯಿಂದ ಒತ್ತಿ ಒತ್ತಿ ನಯ ಮಾಡುತ್ತಾರೆ. ಹೊಳಪು ಬರುವುದು ಆ ಒತ್ತುವಿಕೆಯಿಂದ. ಆಮೇಲೆ ಹಲವು ದಿನ ನೀರು ನಿಲ್ಲಿಸಬೇಕು.

ಮಾಲಿಗೆ ಖರ್ಚು ಕಡಿಮೆ, ಕೂಲಿ ಜಾಸ್ತಿ. ಒಂದು ಕೋಣೆ ಹಿಡಿದರೆ ಅದೇ ದಿನ ಮುಗಿಸಬೇಕು. ನಡುವೆ ನಿಲ್ಲಿಸಿ ನಾಳೆ ಮುಂದುವರಿಸಿದರೆ ಗೆರೆ ಉಳಿದುಬಿಡುತ್ತದೆ. ಬಿಸಿಲು, ಗಾಳಿ ಬಡಿದು ಬೇಗ ಒಣಗಿದರೆ ಕೂದಲೆಳೆಯ ಬಿರುಕು ಖಂಡಿತ. ಕೆಲಸ ನಡೆಯುವಾಗ ಕಿಟಕಿ ಮುಚ್ಚಿಡುವುದು ಅದಕ್ಕೇ.

ನನ್ನ ತಂಗಿಯ ಮನೆಯಲ್ಲಿ ಇದು ಕೆಟ್ಟಿತು. ಗುತ್ತಿಗೆದಾರರು ಹೊಸದಾಗಿ ತುಂಬಿದ ಮಣ್ಣನ್ನು ಸರಿಯಾಗಿ ದಮ್ಮಸು ಮಾಡಿರಲಿಲ್ಲ. ಹಾಲ್ ಪೂರ್ತಿ ಒಂದೇ ಹಾಸಾಗಿ ಎಳೆದಿದ್ದರು, ನಡುವೆ ಪಟ್ಟಿ ಕೊಟ್ಟಿರಲಿಲ್ಲ. ಎರಡನೇ ಮಳೆಗಾಲಕ್ಕೆ ಮಣ್ಣು ಕುಸಿಯಿತು. ಮೂಲೆಯಿಂದ ಮೂಲೆಗೆ ಬಿರುಕು ಓಡಿತು. ತೇಪೆ ಹಾಕಿಸಿದರು, ಬಣ್ಣ ಕೂಡಲಿಲ್ಲ. ಬಿರುಕು ಈ ನೆಲದ ಹುಟ್ಟುಗುಣ ಅಂತ ಹೇಳುವವರಿದ್ದಾರೆ. ಸಣ್ಣ ಎಳೆಬಿರುಕಿನ ಮಟ್ಟಿಗೆ ಅದು ನಿಜ. ಆದರೆ ತಂಗಿಯ ಮನೆಯಲ್ಲಿ ಆದದ್ದನ್ನು ತಪ್ಪಿಸಬಹುದಿತ್ತು. ಮಣ್ಣಿಗೆ ನೀರು ಬಿಟ್ಟು, ಪದರ ಪದರವಾಗಿ ದಮ್ಮಸು ಹೊಡೆಸಿ, ಸುಮಾರು ನಾಲ್ಕಡಿಗೊಂದು ಗಾಜಿನ ಅಥವಾ ಹಿತ್ತಾಳೆಯ ಪಟ್ಟಿ ಕೊಟ್ಟರೆ ಬಿರುಕು ಆ ಗೆರೆಯಲ್ಲೇ ಅಡಗಿಕೊಳ್ಳುತ್ತದೆ.

ನಿಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳಲು ಇಷ್ಟು ಸ್ವಾತಂತ್ರ್ಯ ಬೇರೆ ಯಾವ ನೆಲವೂ ಕೊಡುವುದಿಲ್ಲ. ಕೆಂಪು ಒಡಲಿಗೆ ಕಪ್ಪು ಅಂಚು, ದೇವರಮನೆಯ ಮುಂದೆ ಹಳದಿಯಲ್ಲಿ ಎಳೆದ ರಂಗೋಲಿ, ಜಗಲಿಯಲ್ಲಿ ಚೌಕಾಬಾರದ ಮನೆ. ಕೆಂಪು ಮತ್ತು ಕಪ್ಪಿಗೆ ಮಾಮೂಲಿ ಬೂದು ಸಿಮೆಂಟ್ ಸಾಕು. ಹಳದಿ, ಹಸಿರಿಗೆ ಬಿಳಿ ಸಿಮೆಂಟ್ ಬೇಕು, ಹಾಗಾಗಿ ಅವು ದುಬಾರಿ.

ಮೇಸ್ತ್ರಿಯನ್ನು ಒಪ್ಪಿಕೊಳ್ಳುವ ಮೊದಲು ಅವರು ಐದು ವರ್ಷದ ಹಿಂದೆ ಮಾಡಿದ ನೆಲ ಒಂದನ್ನು ತೋರಿಸಲು ಕೇಳಿ. ಹೋದ ತಿಂಗಳು ಮಾಡಿದ್ದು ಬೇಡ. ಹೊಸದರಲ್ಲಿ ಎಲ್ಲವೂ ಹೊಳೆಯುತ್ತದೆ. ತೋರಿಸಲು ಆಗದಿದ್ದರೆ ಈ ಆಸೆಯನ್ನು ಬಿಡುವುದೇ ಒಳ್ಳೆಯದು.

ಆತಂಗುಡಿ ಮತ್ತು ಅದರ ಬಂಧುಗಳು

ಆತಂಗುಡಿ ತಮಿಳುನಾಡಿನ ಕಾರೈಕುಡಿ ಹತ್ತಿರದ ಒಂದು ಊರು. ಚೆಟ್ಟಿನಾಡಿನ ದೊಡ್ಡ ಮನೆಗಳ ನೆಲದಲ್ಲಿ ಕಾಣುವ ಹೂಬಳ್ಳಿಯ ಟೈಲ್‌ಗಳು ಅಲ್ಲಿಯವು. ಅದನ್ನು ಮಾಡುವ ಬಗೆ ಗೊತ್ತಾದರೆ ಅದರ ಗುಣ, ದೋಷ ಎರಡೂ ತಾನಾಗಿ ತಿಳಿಯುತ್ತವೆ. ಒಂದು ಗಾಜಿನ ತಟ್ಟೆ. ಅದರ ಮೇಲೆ ಲೋಹದ ಅಚ್ಚು. ಅಚ್ಚಿನ ಒಂದೊಂದು ಮನೆಗೂ ಒಂದೊಂದು ಬಣ್ಣದ ಸಿಮೆಂಟ್ ನೀರನ್ನು ಸಣ್ಣ ಸೌಟಿನಲ್ಲಿ ಹೊಯ್ಯುತ್ತಾರೆ. ಅಚ್ಚು ಎತ್ತಿ, ಮೇಲೆ ಒಣ ಸಿಮೆಂಟು, ಮರಳು ಉದುರಿಸಿ, ಹಿಂಭಾಗಕ್ಕೆ ಗಾರೆ ತುಂಬುತ್ತಾರೆ. ಬೆಂಕಿಯಲ್ಲಿ ಸುಡುವುದೇ ಇಲ್ಲ. ನೀರಿನಲ್ಲಿ ನೆನೆಸಿ, ಒಣಗಿಸುತ್ತಾರೆ, ಅಷ್ಟೆ. ಗಾಜಿನಿಂದ ಬಿಡಿಸಿದಾಗ ಅದರ ನುಣುಪೇ ಟೈಲಿನ ಮುಖಕ್ಕೆ ಬಂದಿರುತ್ತದೆ.

ಕೈಯಲ್ಲಿ ಹೊಯ್ದದ್ದರಿಂದ ಎರಡು ಟೈಲ್ ಪೂರ್ತಿ ಒಂದೇ ಥರ ಇರುವುದಿಲ್ಲ. ಬಣ್ಣದ ಅಂಚು ಅಲ್ಲಲ್ಲಿ ಸ್ವಲ್ಪ ಹರಡಿರುತ್ತದೆ. ನನಗೆ ಅದೇ ಇಷ್ಟ. ನಿಮಗೆ ಗೆರೆ ಅಂದರೆ ಗೆರೆಯಾಗಿರಬೇಕು ಅನಿಸಿದರೆ ಇದು ನಿಮ್ಮದಲ್ಲ. ಸುಟ್ಟಿಲ್ಲದ ಕಾರಣ ಕಲೆ ಹೀರುತ್ತದೆ, ಹುಳಿಗೆ ಬಣ್ಣ ಕೆಡುತ್ತದೆ. ಒರೆಸುವ ನೀರಿಗೆ ಕೆಲವು ಹನಿ ಕೊಬ್ಬರಿ ಎಣ್ಣೆ ಹಾಕಿ ದಿನಾ ಒರೆಸುತ್ತಾ ಬಂದರೆ ಹೊಳಪು ವರ್ಷಕ್ಕೆ ವರ್ಷ ಹೆಚ್ಚುತ್ತದೆ. ಯಾರೂ ಓಡಾಡದ ಕೋಣೆಯಲ್ಲಿ ಮಂಕಾಗುತ್ತದೆ. ಅಡುಗೆಮನೆಗೂ ಬಚ್ಚಲಿಗೂ ನಾನು ಬೇಡ ಅನ್ನುತ್ತೇನೆ. ಹಾಲ್, ಪಡಸಾಲೆ, ಮುಚ್ಚಿದ ವರಾಂಡಕ್ಕೆ ಇದರಷ್ಟು ಕಳೆ ಕೊಡುವುದು ಬೇರೆ ಇಲ್ಲ.

ಹಾಕಿಸುವವರು ಎರಡು ವಿಷಯ ಮರೆಯಬಾರದು. ಮರಗೆಲಸ, ಬಣ್ಣ ಎಲ್ಲ ಮುಗಿದ ಮೇಲೆ ಕೊನೆಗೆ ಇದನ್ನು ಹಾಕಿಸಿ. ಮತ್ತೆ, ಕೆಲಸ ಮುಗಿದಾಗ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಒಂದೇ ಬಕೆಟ್ ಸಾಕು, ನೆಲ ಪೂರ್ತಿ ಹಾಳು. ಕೆಲಸದವರಿಗೆ ಮೊದಲ ದಿನವೇ ಹೇಳಿಡಿ.

ಇದೇ ಜಾತಿಯ ಸಿಮೆಂಟ್ ಟೈಲ್ ಯಂತ್ರದ ಒತ್ತಡದಲ್ಲೂ ತಯಾರಾಗುತ್ತದೆ. ಅಂಥ ಟೈಲ್ ಮಾಡುವ ಮುಂಬೈಯ ಭಾರತ್ ಫ್ಲೋರಿಂಗ್ಸ್ ಕಂಪನಿ 1922ರಲ್ಲಿ, ಸ್ವದೇಶಿ ಚಳವಳಿಯ ಕಾಲದಲ್ಲಿ ಶುರುವಾದದ್ದು. ಒತ್ತಿ ಮಾಡಿದ ಟೈಲ್ ಹೆಚ್ಚು ಗಟ್ಟಿ, ಗೆರೆಯೂ ಚೊಕ್ಕ. ಆದರೆ ಹುಳಿಯ ಭಯ ಅದಕ್ಕೂ ತಪ್ಪಿದ್ದಲ್ಲ.

ಸುಟ್ಟ ಮಣ್ಣಿನ ಟೈಲ್ ಕೇಳುವವರೂ ಇದ್ದಾರೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ತೆರೆದ ಕಾಲದಿಂದ ಮಣ್ಣು ಸುಡುವುದು ನಮ್ಮ ಕರಾವಳಿಯ ಕಸುಬು. ತಾರಸಿ, ಅಂಗಳ, ಹಿತ್ತಲ ಜಗಲಿಗೆ ಚೆಂದ. ಒಳಗೆ ಹಾಕಿದರೆ ಎಣ್ಣೆ ಕುಡಿಯುತ್ತದೆ, ಮಲೆನಾಡಿನಲ್ಲಿ ಪಾಚಿ ಹಿಡಿಯುತ್ತದೆ.

ಕಲ್ಲು

ಕಲ್ಲಿನ ವಿಷಯದಲ್ಲಿ ಒಂದೇ ವಿಂಗಡಣೆ ಮುಖ್ಯ: ಅದು ಸುಣ್ಣದ ಕಲ್ಲೋ, ಗ್ರಾನೈಟೋ?

ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ರಾಜಸ್ಥಾನದ ಕೋಟಾ, ಆಂಧ್ರದ ಕಪ್ಪು ಕಡಪಾ ಎಲ್ಲ ಸುಣ್ಣದ ಕಲ್ಲುಗಳು. ಮಾರ್ಬಲ್ ಕೂಡ ಅದೇ ಕುಲ. ತಂಪು, ಬಾಳಿಕೆ, ಬೆಲೆ ಮೂರರಲ್ಲೂ ಶಹಾಬಾದ್ ಮತ್ತು ಕೋಟಾ ಒಳ್ಳೆಯವು. ಉತ್ತರ ಕರ್ನಾಟಕದ ಮನೆಗಳಲ್ಲಿ ಫರಸಿ ನೆಲ ತಲೆಮಾರುಗಳನ್ನೇ ಕಂಡಿದೆ. ಸವೆದರೆ ಮತ್ತೆ ಪಾಲಿಶ್ ಹೊಡೆಸಬಹುದು. ಹುಣಸೆ ನೀರು ಬಿದ್ದು ಹಾಗೇ ಬಿಟ್ಟರೆ ಮಾತ್ರ ಹೊಳಪು ಹೋಗಿ ಬಿಳಿಚಿದ ಗುರುತು ಉಳಿಯುತ್ತದೆ. ಅದೂ ಪಾಲಿಶ್‌ನಲ್ಲಿ ಹೋಗುತ್ತದೆ ಅನ್ನಿ. ಮಾರ್ಬಲ್ಲಿಗೆ ಅಷ್ಟು ದುಡ್ಡು ಕೊಟ್ಟು ಅಡುಗೆಮನೆಗೆ ಹಾಕಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಗ್ರಾನೈಟ್ ಗಟ್ಟಿ. ನಿಂಬೆ, ಹುಣಸೆಗೆ ಜಗ್ಗುವುದಿಲ್ಲ. ನಮ್ಮ ನೆಲದಲ್ಲೇ ಬೇಕಾದಷ್ಟು ಬಣ್ಣ ಸಿಗುತ್ತವೆ. ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು, ಸಿರಾದ ಬೂದು. ಇಳಕಲ್ ಸೀರೆಯ ಊರಲ್ಲೇ ಆ ಕಲ್ಲೂ ಸಿಗುತ್ತದೆ ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ಬೆಂಗಳೂರಿನವರು ಜಿಗಣಿಗೆ ಹೋದರೆ ಹಲಗೆ ನೋಡಿ ಆರಿಸಬಹುದು. ಅಡುಗೆಮನೆಗೆ, ಮೆಟ್ಟಿಲಿಗೆ ಗ್ರಾನೈಟ್ ಕಣ್ಣುಮುಚ್ಚಿ ಹಾಕಿಸಿ. ಮೆಟ್ಟಿಲ ಅಂಚಿಗೆ ಮಾತ್ರ ಗೀರು ಹೊಡೆಸಿ, ಬಚ್ಚಲಿಗೆ ಒರಟು ಮಾಡಿದ್ದನ್ನೇ ತನ್ನಿ. ಚಳಿಗಾಲದಲ್ಲಿ ಕಾಲಿಗೆ ಕೊರೆಯುತ್ತದೆ ಅನ್ನುವುದೊಂದು ಕೊರತೆ. ಮಂಡಿನೋವಿರುವವರಿಗೆ ಅದು ಸಣ್ಣ ಮಾತಲ್ಲ.

ಒಂದು ಎಚ್ಚರಿಕೆ. 20 ಮಿಲಿಮೀಟರ್ ದಪ್ಪದ ಕಲ್ಲು ಚದರ ಅಡಿಗೆ ಸುಮಾರು 5 ಕಿಲೋ ತೂಗುತ್ತದೆ. ಅದರ ಕೆಳಗಿನ ಗಾರೆಯ ತೂಕ ಬೇರೆ. ಹಳೆಯ ಮನೆಯ ಮಹಡಿಯ ಮೇಲೆ, ಇದ್ದ ನೆಲ ಕೀಳದೆ ಹಾಗೇ ಕಲ್ಲು ಹೊದಿಸುವ ಯೋಚನೆ ಇದ್ದರೆ ಎಂಜಿನಿಯರನ್ನು ಕೇಳದೆ ಮುಂದುವರಿಯಬೇಡಿ.

ವಿಟ್ರಿಫೈಡ್

ಮೇಸ್ತ್ರಿ ‘ತಲೆನೋವಿರಲ್ಲ’ ಅಂದದ್ದು ಸುಳ್ಳಲ್ಲ. ವಿಟ್ರಿಫೈಡ್ ಅಂದರೆ ಗಾಜಿನಷ್ಟು ಬಿಗಿಯಾಗುವ ಹಾಗೆ ಹೆಚ್ಚು ಕಾವಿನಲ್ಲಿ ಸುಟ್ಟ ಟೈಲ್. ಒಳ್ಳೆಯದಾದರೆ ತನ್ನ ತೂಕದ ಶೇಕಡಾ 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಅರಿಶಿನ ಬಿದ್ದರೂ ಒರೆಸಿದರೆ ಹೋಯಿತು. ಗುಜರಾತಿನ ಮೋರ್ಬಿಯಿಂದ ಲಾರಿಗಟ್ಟಲೆ ಬರುತ್ತದೆ, ಯಾವ ತಾಲ್ಲೂಕಿನಲ್ಲೂ ಸಿಗುತ್ತದೆ, ಹಾಕುವವರೂ ಇದ್ದಾರೆ. ಬಜೆಟ್ ಬಿಗಿ ಇದ್ದು ಸಮಯವೂ ಕಡಿಮೆ ಇದ್ದರೆ ಸಂಕೋಚವಿಲ್ಲದೆ ಇದನ್ನೇ ಆರಿಸಿ.

ಎರಡು ಬಗೆ ತಿಳಿದಿರಲಿ. ಮೇಲೆ ಡಿಸೈನ್ ಮುದ್ರಿಸಿ ಗ್ಲೇಜ್ ಕೊಟ್ಟದ್ದು ಒಂದು. ಇದರಲ್ಲಿ ಆತಂಗುಡಿ, ಮಾರ್ಬಲ್, ಮರ ಎಲ್ಲದರ ಚಿತ್ರವೂ ಸಿಗುತ್ತದೆ. ಒರಳುಕಲ್ಲಿನ ಗುಂಡು ಬಿದ್ದು ಚಕ್ಕೆ ಎದ್ದರೆ ಒಳಗಿನ ಬೇರೆ ಬಣ್ಣ ಕಾಣುತ್ತದೆ. ಇನ್ನೊಂದು ಡಬಲ್ ಚಾರ್ಜ್. ಮೇಲಿನ ಮೂರು ನಾಲ್ಕು ಮಿಲಿಮೀಟರ್ ಬಣ್ಣದ ಪದರವೇ ಇರುತ್ತದೆ. ಡಿಸೈನ್ ಕಡಿಮೆ, ಬಾಳಿಕೆ ಹೆಚ್ಚು. ಜನ ಜಾಸ್ತಿ ಓಡಾಡುವ ಹಾಲ್‌ಗೆ ಇದು ವಾಸಿ.

ಮುದ್ರಿಸಿದ ಆತಂಗುಡಿ ನಿಜವಾದ ಆತಂಗುಡಿಯ ಹಾಗೆ ಹಳತಾಗುವುದಿಲ್ಲ, ಕಾಲಿಗೆ ಹಾಗೆ ತಾಗುವುದೂ ಇಲ್ಲ. ಆದರೆ ನಿಜವಾದದ್ದು ಬಾಳದ ಕಡೆ, ಅಂದರೆ ಬಚ್ಚಲು, ಬಾಲ್ಕನಿ, ಅಡುಗೆಮನೆಗೆ ಹೂವಿನ ಚಿತ್ತಾರ ಬೇಕಿದ್ದರೆ ಇದೇ ಸರಿಯಾದ ಆಯ್ಕೆ. ಅಲ್ಲಿ ಹೊಳಪಿಲ್ಲದ ಮ್ಯಾಟ್ ತನ್ನಿ. ಜಾರದ ಗುಣಕ್ಕೆ ಆರ್9ರಿಂದ ಆರ್13ರವರೆಗೆ ಅಂಕೆ ಇರುತ್ತದೆ. ಬಚ್ಚಲಿಗೆ ಆರ್10ಕ್ಕಿಂತ ಕಡಿಮೆ ಬೇಡ.

ಟೈಲಿನ ನಡುವೆ ಸಂದು ಬಿಡದೆ ಒತ್ತಾಗಿ ಕೂರಿಸಿದರೆ ನೋಡಲು ಚೆಂದ ಅಂತ ಕೆಲವರು ಹಾಗೆ ಹಾಕಿಸುತ್ತಾರೆ. ಬಿಸಿಗೆ ಹಿಗ್ಗಿದಾಗ ಟೈಲ್ ಎದ್ದು ಗುಡಾರದಂತೆ ನಿಲ್ಲುವುದು ಆಗಲೇ. 2 ಮಿಲಿಮೀಟರ್ ಸಂದು ಬಿಟ್ಟು, ಅದಕ್ಕೆ ಎಪಾಕ್ಸಿ ಗ್ರೌಟ್, ಅಂದರೆ ನೀರು ಹೀರದ ರಾಳದ ಗಾರೆ ತುಂಬಿಸಿ. ಹಾಕಿದ ಮೇಲೆ ನಾಣ್ಯದಿಂದ ಒಂದೊಂದನ್ನೂ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ದುಡ್ಡು ಕೊಡುವ ಮೊದಲೇ ತೆಗೆಸಿ ಹಾಕಿಸಿ.

ಉಳಿದವು

ಮರದ ಲ್ಯಾಮಿನೇಟ್ ನೀರು ಕಂಡರೆ ಉಬ್ಬುತ್ತದೆ. ದಿನಾ ಬಕೆಟ್ ನೀರಲ್ಲಿ ನೆಲ ಒರೆಸುವ ಮನೆಗೆ, ಮಲೆನಾಡು, ಕರಾವಳಿಯ ಮನೆಗೆ ಬೇಡ. ಮರದ ನೋಟವೇ ಬೇಕಿದ್ದರೆ ಕಲ್ಲಿನ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಎಸ್‌ಪಿಸಿ ಹಲಗೆ ನೋಡಿ. ನೀರಿಗೆ ಹೆದರುವುದಿಲ್ಲ, ಇದ್ದ ನೆಲದ ಮೇಲೇ ಕೂರುತ್ತದೆ, ಬಿಚ್ಚಿ ಒಯ್ಯಲೂ ಬಹುದು. ಚಿತ್ರ ಬಿಡಿಸಿದ ಎಪಾಕ್ಸಿ ನೆಲ ಬಿಸಿಲಿಗೆ ಹಳದಿಯಾಗುತ್ತದೆ, ಕುರ್ಚಿ ಎಳೆದರೆ ಗೀರು ಬೀಳುತ್ತದೆ. ಬದುಕುವ ಮನೆಗೆ ನಾನು ಹೇಳುವುದಿಲ್ಲ.

ಹಳೆಯ ಮನೆ ಕೊಂಡವರಿಗೆ ಒಂದು ಮಾತು. ನೆಲದಲ್ಲಿ ಮೊಸಾಯಿಕ್ ಇದ್ದರೆ ಒಡೆಸುವ ಮುಂಚೆ ಒಂದು ಕೋಣೆಗೆ ಪಾಲಿಶ್ ಹೊಡೆಸಿ ನೋಡಿ. ಸಿಮೆಂಟಿನಲ್ಲಿ ಮಾರ್ಬಲ್ ಚೂರು ಕೂರಿಸಿ ಉಜ್ಜಿದ ನೆಲ ಅದು. ಮಂಕಾಗಿರುವುದು ಮೇಲ್ಮೈ ಮಾತ್ರ.

ಎಲ್ಲ ಕೋಣೆಗೂ ಒಂದೇ ಯಾಕೆ?

ಸೀರೆಯ ಒಡಲು ಸರಳವಾಗಿರುತ್ತದೆ. ಕಸುಬೆಲ್ಲ ಅಂಚಿಗೆ, ಸೆರಗಿಗೆ. ನೆಲಕ್ಕೂ ಇದನ್ನೇ ಮಾಡಿ ಅನ್ನುವುದು ನನ್ನ ಸಲಹೆ. ಮೊದಲು ಹೇಳಿದ 12×15ರ ಹಾಲ್‌ಗೆ ಸುತ್ತಲೂ ಒಂದಡಿ ಅಗಲದ ಚಿತ್ತಾರದ ಅಂಚು ಕೊಟ್ಟರೆ ಬೇಕಾಗುವುದು 50 ಚದರ ಅಡಿ ಮಾತ್ರ. ಉಳಿದ 130 ಅಡಿಗೆ ಸಾದಾ ಕೋಟಾ ಸಾಕು. ಅದೂ ಹೆಚ್ಚಾಯಿತು ಅಂದರೆ ನಡುವೆ ಜಮಖಾನ ಹಾಸಿದ ಹಾಗೆ 4 ಅಡಿ, 6 ಅಡಿಯ ಒಂದು ಚೌಕಟ್ಟು ಮಾಡಿಸಿ. 8 ಅಂಗುಲದ ಆತಂಗುಡಿ ಟೈಲ್ ಆದರೆ ಒಂದು ಕಡೆ 6, ಇನ್ನೊಂದು ಕಡೆ 9, ಒಟ್ಟು 54. ಒಂದನ್ನೂ ಕತ್ತರಿಸಬೇಕಿಲ್ಲ. ಒಡೆಯುವುದಕ್ಕೆ ಅಂತ ಹತ್ತು ಜಾಸ್ತಿ ತರಿಸಿದರೆ ಆಯಿತು. ಆದರೆ ಟೈಲಿನ ದಪ್ಪ, ಕಲ್ಲಿನ ದಪ್ಪ ಮೊದಲೇ ಅಳೆದು ಕೆಳಗಿನ ಗಾರೆಯಲ್ಲಿ ಹೊಂದಿಸಬೇಕು. ಇಲ್ಲದಿದ್ದರೆ ನಡುಮನೆಯಲ್ಲೇ ಕಾಲೆಡವುವ ಅಂಚು ಉಳಿಯುತ್ತದೆ.

ಆ ನಾಲ್ಕು ಮನೆಗಳಿಗೆ ನಾನು ಹೇಳಿದ್ದು ಹೀಗೆ. ಊರಲ್ಲಿ ಒಂದೇ ಅಂತಸ್ತಿನ ಮನೆ ಕಟ್ಟುತ್ತಿದ್ದ, ಆತುರವಿಲ್ಲದ ದಂಪತಿಗೆ ಕೆಂಪು ನೆಲ. ಅವರ ಪಕ್ಕದ ಹಳ್ಳಿಯಲ್ಲೇ ಒಳ್ಳೆಯ ಕೈ ಇತ್ತು. ಸಾಲದ ಕಂತು ಶುರುವಾಗಿದ್ದ, ಪುಟ್ಟ ಮಕ್ಕಳಿದ್ದ ಬೆಂಗಳೂರಿನ ಮನೆಗೆ ಎಲ್ಲ ಕಡೆ ಮ್ಯಾಟ್ ವಿಟ್ರಿಫೈಡ್, ಬಾಗಿಲ ಒಳಗೆ 20 ಚದರ ಅಡಿ ಮಾತ್ರ ಆತಂಗುಡಿ. ವಯಸ್ಸಾದ ಇಬ್ಬರೇ ಇರುವ ಧಾರವಾಡದ ಮನೆಗೆ ಹೊಳಪು ಕಡಿಮೆ ಇರುವ ಶಹಾಬಾದ್, ಅಡುಗೆಮನೆಗೆ ಗ್ರಾನೈಟ್. ನಾಲ್ಕನೆಯವರು ಹಳೆಯ ಮನೆ ಕೊಂಡವರು. ಮೊಸಾಯಿಕ್‌ಗೆ ಪಾಲಿಶ್ ಮಾಡಿಸಿದರು, ಉಳಿದ ದುಡ್ಡಲ್ಲಿ ಬಚ್ಚಲು ಸರಿಮಾಡಿಸಿದರು.

ನಿಮಗೆ ಇನ್ನೂ ಎರಡರ ನಡುವೆ ತೀರ್ಮಾನ ಆಗದಿದ್ದರೆ ಎರಡರದ್ದೂ ಒಂದೆರಡು ತುಂಡು ಮನೆಗೆ ತನ್ನಿ. ರಾತ್ರಿ ಅವುಗಳ ಮೇಲೆ ಒಂದು ಚಮಚ ಹುಣಸೆ ರಸ, ಒಂದು ಚಮಚ ಅರಿಶಿನ ಕಲಸಿದ ಎಣ್ಣೆ ಹಾಕಿ ಬಿಡಿ. ಬೆಳಗ್ಗೆ ತೊಳೆದು ನೋಡಿ. ಆಮೇಲೆ ಅಂಗಾಲು ಒದ್ದೆ ಮಾಡಿಕೊಂಡು, ಗೋಡೆ ಹಿಡಿದು, ಅದರ ಮೇಲೆ ನಿಂತು ನೋಡಿ. ಮನೆಯ ಹಿರಿಯರನ್ನೂ ಕರೆದು ಕೇಳಿ. ಆರಿಸಿದ ಮೇಲೆ ಎಲ್ಲ ಪೆಟ್ಟಿಗೆಯ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯೇ ನೋಡಿಯೇ ಇಳಿಸಿಕೊಳ್ಳಿ. ಒಂದು ಪೆಟ್ಟಿಗೆಯನ್ನು ಅಟ್ಟದ ಮೇಲೆ ಎತ್ತಿಡಿ, ಮುಂದೆ ಆ ಬಣ್ಣ ಮತ್ತೆ ಸಿಗುವುದಿಲ್ಲ.